ಎಂಟನೇ ಮೈಲಿ ಎಂಬುದು ದೂರವೇ, ಸ್ಥಾನವೇ? – ಚಲನೆಯ ನಕ್ಷೆಗಳ ಪಾಠ: ಒಂದು ವಿಮರ್ಶೆ

ತುಮಕೂರು ರಸ್ತೆಯಲ್ಲಿ ಟಿ. ದಾಸರಹಳ್ಳಿಯ ಬಳಿ 'ಎಂಟನೇ ಮೈಲಿ' ಎಂಬ ಸ್ಥಳವಿದೆ. ಮೈಲಿಗಲ್ಲುಗಳು ಹೋಗಿ ಕಿಲೋಮೀಟರ್ ಕಲ್ಲುಗಳು ಬಂದು ದಶಕಗಳೇ ಕಳೆದರೂ ಹೆಸರು ಉಳಿದುಕೊಂಡಿದೆ. ಅಲ್ಲಿ ವಾಸಿಸುವವರು ಬೆಳಿಗ್ಗೆ ಮನೆಯ ಬಾಗಿಲು ತೆರೆದಾಗ ಎಂಟು ಮೈಲಿ ನಡೆದು ಬಂದಿರುವುದಿಲ್ಲ. ಅವರು ಕ್ರಮಿಸಿದ ದೂರ ಸೊನ್ನೆ. ಅವರ ಸ್ಥಾನ ಮಾತ್ರ ಎಂಟು. 'ಎಂಟನೇ ಮೈಲಿ' ಎಂಬುದು ನಗರದ ಕಡೆಯ ಒಂದು ನಿಗದಿತ ಬಿಂದುವಿನಿಂದ ಎಣಿಸಿ ಹೇಳುವ ಸ್ಥಾನವೇ ಹೊರತು ಯಾರೋ ಕ್ರಮಿಸಿದ ದೂರವಲ್ಲ. ಬಸ್ಸಿನ ನಿರ್ವಾಹಕರಿಗೂ ತರಕಾರಿ ಗಾಡಿಯವರಿಗೂ ಗೊಂದಲವಿಲ್ಲದ ಈ ವ್ಯತ್ಯಾಸ, ನಮ್ಮ ಭೌತವಿಜ್ಞಾನದ ಮೊದಲ ಪಾಠದಲ್ಲಿ ಮಾತ್ರ ಮಸುಕಾಗಿಯೇ ಉಳಿದಿದೆ.

ಪ್ರೌಢಶಾಲೆಯಲ್ಲಿ ಚಲನೆಯ ನಕ್ಷೆಗಳನ್ನು ನಾವು ಹೇಗೆ ಕಲಿಸುತ್ತಿದ್ದೇವೆ ಎಂಬುದನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ. ಇದಕ್ಕೆ ಆಧಾರವಾಗಿ ಎನ್‌ಸಿಇಆರ್‌ಟಿ 2006ರಲ್ಲಿ ಮೊದಲ ಬಾರಿಗೆ ಪ್ರಕಟಿಸಿದ 9ನೇ ತರಗತಿಯ ವಿಜ್ಞಾನ ಪುಸ್ತಕದ 'ಚಲನೆ' ಅಧ್ಯಾಯವನ್ನು ತೆಗೆದುಕೊಳ್ಳಲಾಗಿದೆ. ಈ ಪುಸ್ತಕ ಮುಂದೆ ಕನ್ನಡಕ್ಕೂ ಬಂದು ನಮ್ಮ ರಾಜ್ಯದ ಶಾಲೆಗಳಲ್ಲಿ ಬಳಕೆಯಾಯಿತು. ಹೀಗಾಗಿ ಒಂದು ತಲೆಮಾರಿನ ವಿದ್ಯಾರ್ಥಿಗಳು ಚಲನೆಯ ನಕ್ಷೆಗಳನ್ನು ಮೊದಲು ಕಂಡದ್ದು ಇದರಲ್ಲಿಯೇ.

ಮೊದಲು ಅದರ ಗುಣಗಳನ್ನು ಹೇಳಬೇಕು. ಚಲನೆಯ ಮೂರು ಸಮೀಕರಣಗಳನ್ನು ಕಂಠಪಾಠಕ್ಕೆ ಬಿಡದೆ, ವೇಗ–ಕಾಲ ನಕ್ಷೆಯ ಕೆಳಗಿನ ವಿಸ್ತೀರ್ಣದಿಂದ ನಿರೂಪಿಸಿ ತೋರಿಸಿದ್ದು ಆ ಪುಸ್ತಕದ ಹೆಚ್ಚುಗಾರಿಕೆ. ಒಂದೇ ಮನೆಯಿಂದ ಒಂದೇ ದಾರಿಯಲ್ಲಿ ಸೈಕಲ್ ಮೇಲೆ ಶಾಲೆಗೆ ಹೋಗುವ ಫಿರೋಜ್ ಮತ್ತು ಅವನ ಸಹೋದರಿ ಸಾನಿಯಾ ಇವರ ಚಲನೆಯನ್ನು ಒಂದೇ ಪ್ರಮಾಣದಲ್ಲಿ ಗುರುತಿಸಿ ಹೋಲಿಸುವ ಚಟುವಟಿಕೆಯೂ ಚೆನ್ನಾಗಿದೆ. ಆದರೆ ನಕ್ಷೆಯನ್ನು 'ಬರೆಯುವುದು' ಮತ್ತು ನಕ್ಷೆಯನ್ನು 'ಓದುವುದು' ಇವೆರಡರ ನಡುವೆ ಇರುವ ಕಂದಕವನ್ನು ಈ ಅಧ್ಯಾಯ ದಾಟಿಸುವುದಿಲ್ಲ ಎಂಬುದೇ ನಮ್ಮ ಆಕ್ಷೇಪ.

ನಿಲುವು ಅಕ್ಷದಲ್ಲಿ ಇರುವುದೇನು?

ಅಧ್ಯಾಯದ ಕೊನೆಯ ಅಭ್ಯಾಸದಲ್ಲಿ ಎ, ಬಿ, ಸಿ ಎಂಬ ಮೂರು ವಸ್ತುಗಳ ದೂರ–ಕಾಲ ನಕ್ಷೆ ಇದೆ. ಯಾವುದು ಹೆಚ್ಚು ಜವದಿಂದ ಚಲಿಸುತ್ತಿದೆ, ಮೂರೂ ರಸ್ತೆಯ ಒಂದೇ ಬಿಂದುವಿನಲ್ಲಿ ಎಂದಾದರೂ ಇರುತ್ತವೆಯೇ, ಬಿ ವಸ್ತು ಎ ವಸ್ತುವನ್ನು ದಾಟುವಾಗ ಸಿ ಎಷ್ಟು ದೂರ ಕ್ರಮಿಸಿರುತ್ತದೆ ಎಂದು ಅಲ್ಲಿ ಕೇಳಲಾಗಿದೆ. ಒಳ್ಳೆಯ ಪ್ರಶ್ನೆಗಳೇ. ಆದರೆ ಸಿ ವಸ್ತುವಿನ ಗೆರೆ ಮೂಲಬಿಂದುವಿನಿಂದ ಹೊರಡುವುದಿಲ್ಲ. ಕಾಲ ಸೊನ್ನೆಯಾಗಿರುವಾಗಲೇ ಅದು ಅಕ್ಷದ ಮೇಲೆ ಒಂದಷ್ಟು ಎತ್ತರದಲ್ಲಿದೆ. ಅದು ಕ್ರಮಿಸಿದ ದೂರ ತಿಳಿಯಬೇಕಾದರೆ ಆ ಆರಂಭದ ಬೆಲೆಯನ್ನು ಕಳೆಯಬೇಕು. ಅಂದರೆ ನಿಲುವು ಅಕ್ಷದಲ್ಲಿ ಬರೆದಿರುವುದು 'ದೂರ'. ನಿಜವಾಗಿ ಇರುವುದು 'ಸ್ಥಾನ'.

ಇದನ್ನು ಕೇವಲ ಪದಗಳ ಜಗಳವೆಂದು ತಳ್ಳಿಹಾಕುವಂತಿಲ್ಲ. ದಾಸರಹಳ್ಳಿಯಿಂದ ಎರಡು ಕಾರುಗಳು ಒಂದೇ ಕ್ಷಣಕ್ಕೆ ಹೊರಡುತ್ತವೆ ಎಂದುಕೊಳ್ಳೋಣ. ಒಂದು ನೆಲಮಂಗಲದ ಕಡೆಗೆ, ಇನ್ನೊಂದು ಯಶವಂತಪುರದ ಕಡೆಗೆ. ಎರಡರ ಜವವೂ ಗಂಟೆಗೆ 40 ಕಿಲೋಮೀಟರ್. ಕ್ರಮಿಸಿದ ದೂರವನ್ನು ಗುರುತಿಸಿದರೆ ಎರಡು ಗೆರೆಗಳೂ ಒಂದರ ಮೇಲೊಂದು ಕುಳಿತು ಒಂದೇ ಗೆರೆಯಾಗಿ ಕಾಣುತ್ತವೆ. ಆದರೆ 6 ನಿಮಿಷಗಳ ನಂತರ, ರಸ್ತೆಯಲ್ಲಿ ಅಳೆದರೆ, ಅವುಗಳ ನಡುವಿನ ಅಂತರ 8 ಕಿಲೋಮೀಟರ್! ಕ್ರಮಿಸಿದ ದೂರದ ನಕ್ಷೆಯಲ್ಲಿ ಗೆರೆಗಳು ಸಂಧಿಸಿದರೆ 'ಇಬ್ಬರೂ ಸಮಾನ ದೂರ ಸಾಗಿದ್ದಾರೆ' ಎಂದಷ್ಟೇ ಅರ್ಥ. ಸ್ಥಾನದ ನಕ್ಷೆಯಲ್ಲಿ ಸಂಧಿಸಿದರೆ ಮಾತ್ರ 'ಇಬ್ಬರೂ ಒಂದೇ ಕಡೆ ಇದ್ದಾರೆ' ಎಂದು ಅರ್ಥ. ಮೊದಲನೆಯದರ ಹೆಸರಿಟ್ಟು ಎರಡನೆಯದರ ಪ್ರಶ್ನೆ ಕೇಳಿದರೆ, ವಿದ್ಯಾರ್ಥಿ ಸರಿಯುತ್ತರ ಬರೆದರೂ ತಪ್ಪು ಕಲ್ಪನೆಯನ್ನು ಜೊತೆಗೆ ಒಯ್ಯುತ್ತಾನೆ.

ಸ್ಥಾನದ ನಕ್ಷೆ ಎಷ್ಟು ಜವಾಬ್ದಾರಿಯ ಕೆಲಸ ಮಾಡುತ್ತದೆ ಎಂಬುದಕ್ಕೆ ರೈಲ್ವೆಯೇ ಸಾಕ್ಷಿ. ಒಂದು ಅಕ್ಷದಲ್ಲಿ ನಿಲ್ದಾಣಗಳು, ಇನ್ನೊಂದರಲ್ಲಿ ಗಂಟೆ–ನಿಮಿಷಗಳು, ಪ್ರತಿ ಗಾಡಿಗೂ ಒಂದು ಓರೆ ಗೆರೆ. ಪ್ಯಾರಿಸ್ ಮತ್ತು ಲಿಯೋನ್ ನಡುವಿನ ಗಾಡಿಗಳನ್ನು ಹೀಗೆ ತೋರಿಸುವ ನಕ್ಷೆಯನ್ನು ಫ್ರಾನ್ಸಿನ ಶರೀರಕ್ರಿಯಾ ವಿಜ್ಞಾನಿ ಎತಿಯೆನ್ ಜೂಲ್ ಮಾರೆ 19ನೇ ಶತಮಾನದಲ್ಲಿ ಪ್ರಸಿದ್ಧಿಗೆ ತಂದರು. ನಮ್ಮ ರೈಲ್ವೆ ವಿಭಾಗಗಳ ನಿಯಂತ್ರಣ ಕೊಠಡಿಗಳಲ್ಲಿ ದಶಕಗಳ ಕಾಲ ಪೆನ್ಸಿಲಿನಿಂದ ಎಳೆಯುತ್ತಿದ್ದ, ಈಗ ಕಂಪ್ಯೂಟರ್ ತೆರೆಯ ಮೇಲೆ ಮೂಡುವ ಚಾರ್ಟ್ ಕೂಡ ಇದೇ ಜಾತಿಯದು. ಏಕಮಾರ್ಗದಲ್ಲಿ ಎದುರುಬದುರಾಗಿ ಬರುವ ಎರಡು ಗಾಡಿಗಳ ಗೆರೆಗಳು ನಿಲ್ದಾಣದ ಮಟ್ಟದಲ್ಲಿಯೇ ಸಂಧಿಸಬೇಕು. ನಿಲ್ದಾಣಗಳ ನಡುವೆ ಸಂಧಿಸಿದರೆ ಅದರ ಅರ್ಥ ಅಪಘಾತ. ಆ ಚಾರ್ಟಿನಲ್ಲಿ 'ಕ್ರಮಿಸಿದ ದೂರ'ವನ್ನು ಗುರುತಿಸುವ ತಪ್ಪನ್ನು ಯಾರೂ ಮಾಡಲಾರರು.

'ಇಳಿಜಾರು' ಏರುತ್ತಿರುವಾಗ

ನಕ್ಷೆಯನ್ನು ಚಿತ್ರವೆಂದು ಭಾವಿಸುವುದು ಎರಡನೆಯ ತೊಡಕು. ಮೇಲೇರಿ ಕೆಳಗಿಳಿಯುವ ಗೆರೆ ಕಂಡ ಕೂಡಲೇ 'ಗಾಡಿ ಗುಡ್ಡ ಹತ್ತಿ ಇಳಿಯಿತು' ಎಂದು ಹೇಳುವ ವಿದ್ಯಾರ್ಥಿಗಳು ಎಲ್ಲ ದೇಶಗಳಲ್ಲಿಯೂ ಇದ್ದಾರೆ. ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾಲಯದ ಲಿಲಿಯನ್ ಮ್ಯಾಕ್‌ಡರ್ಮಟ್ ಮತ್ತು ಸಂಗಡಿಗರು 1987ರಲ್ಲಿ ಇಂತಹ ತೊಡಕುಗಳನ್ನು ವಿವರವಾಗಿ ದಾಖಲಿಸಿದರು. 1994ರಲ್ಲಿ ರಾಬರ್ಟ್ ಬೈಕ್ನರ್ ಚಲನೆಯ ನಕ್ಷೆಗಳನ್ನು ಕುರಿತು 21 ಪ್ರಶ್ನೆಗಳ ಪರೀಕ್ಷೆಯೊಂದನ್ನು ರೂಪಿಸಿ, 500ಕ್ಕೂ ಹೆಚ್ಚು ವಿದ್ಯಾರ್ಥಿಗಳ ಫಲಿತಾಂಶ ಪ್ರಕಟಿಸಿದರು. ಪಾಠ ಮುಗಿದ ನಂತರವೂ ಸರಾಸರಿ ಅಂಕ ಶೇಕಡ 40ರ ಆಸುಪಾಸಿನಲ್ಲಿತ್ತು. ನಕ್ಷೆಯನ್ನು ಚಿತ್ರವೆಂದು ತಿಳಿಯುವುದು, ಗೆರೆಯ ಎತ್ತರವನ್ನೂ ಅದರ ಓರೆಯನ್ನೂ ಒಂದೇ ಎಂದು ತಿಳಿಯುವುದು, ಮೂಲಬಿಂದುವಿನ ಮೂಲಕ ಹಾಯದ ಗೆರೆಗೂ 'ನಿಲುವು ಬೆಲೆಯನ್ನು ಅಡ್ಡ ಬೆಲೆಯಿಂದ ಭಾಗಿಸಿದರೆ ಓರೆ ಸಿಕ್ಕಿತು' ಎಂದು ಲೆಕ್ಕ ಹಾಕುವುದು – ಇವು ಅಲ್ಲಿ ಮತ್ತೆ ಮತ್ತೆ ಕಂಡ ತಪ್ಪುಗಳು.

ಇವುಗಳ ಜೊತೆಗೆ ಕನ್ನಡ ಮಾಧ್ಯಮದ ವಿದ್ಯಾರ್ಥಿಗೆ ಇನ್ನೊಂದು ಅಡಚಣೆಯುಂಟು. ನಕ್ಷೆಯ ಗೆರೆಯ ಓರೆಗೆ 'ಇಳಿಜಾರು' ಎಂಬ ಪದ ಬಳಕೆಯಲ್ಲಿದೆ. ಆಡುಮಾತಿನಲ್ಲಿ ಇಳಿಜಾರು ಎಂದರೆ ಕೆಳಕ್ಕೆ ಜಾರುವ ನೆಲ, ಬ್ರೇಕು ಹಿಡಿಯಬೇಕಾದ ಜಾಗ. ಗೆರೆ ಕಣ್ಣೆದುರು ಮೇಲಕ್ಕೆ ಏರುತ್ತಿರುವಾಗ ಅದರ 'ಇಳಿಜಾರು ಹೆಚ್ಚು' ಎಂದರೆ, ನಕ್ಷೆ ಒಂದು ರಸ್ತೆಯ ಚಿತ್ರ ಎಂಬ ತಪ್ಪು ಕಲ್ಪನೆಗೆ ನಾವೇ ನೀರೆರೆದಂತಾಗುತ್ತದೆ. 'ವೇಗ' ಎಂಬ ಪದದ ಕಥೆಯೂ ಹೀಗೆಯೇ. ಮನೆಯಲ್ಲಿ, ಬೀದಿಯಲ್ಲಿ ವೇಗ ಎಂದರೆ ಬರೀ ಎಷ್ಟು ಬೇಗ ಎಂಬ ಲೆಕ್ಕ. ಪಾಠದಲ್ಲಿ ಅದಕ್ಕೆ ದಿಕ್ಕೂ ಸೇರುತ್ತದೆ, ಬೀದಿಯ ವೇಗಕ್ಕೆ 'ಜವ' ಎಂಬ ಹೆಸರು ಬರುತ್ತದೆ. ಪಾರಿಭಾಷಿಕ ಪದಗಳನ್ನು ಕೂಡಲೇ ಬದಲಾಯಿಸಬೇಕೆಂದು ನಾವು ಹೇಳುತ್ತಿಲ್ಲ. ಆದರೆ ಪದ ಹೇಳಿದ ದಿನವೇ ಅಧ್ಯಾಪಕರು ಈ ಎರಡರ್ಥವನ್ನು ಬಿಡಿಸಿ ಹೇಳಬೇಕು. ಈ ಲೇಖನದಲ್ಲಿ 'ಓರೆ' ಎಂಬ ಪದವನ್ನೇ ಬಳಸಲಾಗಿದೆ.

1, 3, 5, 7: ಕೈತಪ್ಪಿದ ಅವಕಾಶ

ಅದೇ ಅಧ್ಯಾಯದಲ್ಲಿ ಕಾರೊಂದು ಪ್ರತಿ 2 ಸೆಕೆಂಡಿನ ಕೊನೆಗೆ ಕ್ರಮಿಸಿದ ದೂರದ ಕೋಷ್ಟಕವಿದೆ: 0, 1, 4, 9, 16, 25, 36 ಮೀಟರ್. ಇದನ್ನು ಗುರುತಿಸಿದಾಗ ಬಾಗಿದ ಗೆರೆ ಬರುತ್ತದೆ, ಆದ್ದರಿಂದ ಜವ ಏಕರೂಪವಲ್ಲ ಎಂದು ಹೇಳಿ ಪುಸ್ತಕ ಮುಂದೆ ಹೋಗುತ್ತದೆ. ಕೋಷ್ಟಕದಲ್ಲಿ ಅಡಗಿರುವ ರತ್ನವನ್ನು ಅದು ಎತ್ತಿ ತೋರಿಸುವುದೇ ಇಲ್ಲ.

ಪಕ್ಕಪಕ್ಕದ ಬೆಲೆಗಳ ವ್ಯತ್ಯಾಸ ತೆಗೆಯಿರಿ: 1, 3, 5, 7, 9, 11. ಸಮಾನ ಕಾಲಾವಧಿಗಳಲ್ಲಿ ಕ್ರಮಿಸಿದ ದೂರಗಳು ಬೆಸ ಸಂಖ್ಯೆಗಳಂತೆ ಬೆಳೆಯುತ್ತವೆ. ಗೆಲಿಲಿಯೋ 1638ರಲ್ಲಿ ಪ್ರಕಟಿಸಿದ ತನ್ನ ಕೊನೆಯ ಗ್ರಂಥದಲ್ಲಿ ಏಕರೂಪ ವೇಗೋತ್ಕರ್ಷಕ್ಕೆ ಹೇಳಿದ ಲಕ್ಷಣ ಇದೇ. ಈಗ ಪ್ರತಿ ವ್ಯತ್ಯಾಸವನ್ನು 2ರಿಂದ ಭಾಗಿಸಿದರೆ ಆಯಾ ಅವಧಿಯ ಸರಾಸರಿ ಜವ ದೊರೆಯುತ್ತದೆ: ಸೆಕೆಂಡಿಗೆ 0.5, 1.5, 2.5, 3.5, 4.5, 5.5 ಮೀಟರ್. ಪ್ರತಿ 2 ಸೆಕೆಂಡಿಗೆ ಜವ 1 ಮೀಟರಿನಷ್ಟು ಏರುತ್ತಿದೆ. ಆದ್ದರಿಂದ ವೇಗೋತ್ಕರ್ಷ 0.5 ಮೀಟರ್ ಪ್ರತಿ ಸೆಕೆಂಡಿಗೆ ಪ್ರತಿ ಸೆಕೆಂಡಿಗೆ. ಕೂಡುವ, ಕಳೆಯುವ, ಭಾಗಿಸುವ ಲೆಕ್ಕದಿಂದಲೇ ಬಾಗಿದ ಗೆರೆಯಿಂದ ಜವದ ನೇರ ಗೆರೆಯನ್ನು, ಅದರಿಂದ ವೇಗೋತ್ಕರ್ಷದ ಸ್ಥಿರ ಗೆರೆಯನ್ನು ಪಡೆಯಬಹುದು. ಕಲನಶಾಸ್ತ್ರದ ಹೆಸರನ್ನೂ ಎತ್ತದೆ ಅದರ ಹೃದಯವನ್ನು 9ನೇ ತರಗತಿಯಲ್ಲಿಯೇ ತೋರಿಸಬಹುದಾದ ಈ ಅವಕಾಶವನ್ನು 'ಏಕರೂಪವಲ್ಲ' ಎಂಬ ಒಂದೇ ಮಾತಿನಲ್ಲಿ ಮುಗಿಸಿರುವುದು ಅಧ್ಯಾಯದ ದೊಡ್ಡ ಕೊರತೆ.

ದಾಸರಹಳ್ಳಿಯ ಮೆಟ್ರೋ: ಮೂರು ನಕ್ಷೆಗಳು

ಪುಸ್ತಕದ ಕಾರು ಯಾವ ಊರಿನದೂ ಅಲ್ಲ. ದಾಸರಹಳ್ಳಿಯ ವಿದ್ಯಾರ್ಥಿಗೆ ತಲೆಯ ಮೇಲೆಯೇ ಉತ್ತಮ ಉದಾಹರಣೆ ಓಡಾಡುತ್ತಿದೆ. ನಮ್ಮ ಮೆಟ್ರೋದ ಹಸಿರು ಮಾರ್ಗ 2014ರ ಮಾರ್ಚ್‌ನಲ್ಲಿ ಸಂಪಿಗೆ ರಸ್ತೆಯಿಂದ ಪೀಣ್ಯ ಇಂಡಸ್ಟ್ರಿಯವರೆಗೆ, 2015ರ ಮೇ ತಿಂಗಳಲ್ಲಿ ಜಾಲಹಳ್ಳಿ, ದಾಸರಹಳ್ಳಿಗಳನ್ನು ದಾಟಿ ನಾಗಸಂದ್ರದವರೆಗೆ, 2024ರ ನವೆಂಬರ್‌ನಲ್ಲಿ ಮಾದಾವರದವರೆಗೆ ತೆರೆಯಿತು. ನೇರ ಹಳಿ, ನಿಗದಿತ ನಿಲ್ದಾಣಗಳು, ಗಡಿಯಾರಕ್ಕೆ ಕಟ್ಟಿದ ಓಟ – ಚಲನೆಯ ಪಾಠಕ್ಕೆ ಇದಕ್ಕಿಂತ ಅನುಕೂಲವಾದ ವಾಹನ ಇನ್ನೊಂದಿಲ್ಲ.

ಲೆಕ್ಕದ ಸರಳತೆಗಾಗಿ ಒಂದು ಕಾಲ್ಪನಿಕ ಓಟವನ್ನು ತೆಗೆದುಕೊಳ್ಳೋಣ. ನಿಲ್ದಾಣದಿಂದ ಹೊರಟ ರೈಲು 20 ಸೆಕೆಂಡುಗಳಲ್ಲಿ ಏಕರೂಪವಾಗಿ ಸೆಕೆಂಡಿಗೆ 20 ಮೀಟರ್ ವೇಗಕ್ಕೆ, ಅಂದರೆ ಗಂಟೆಗೆ 72 ಕಿಲೋಮೀಟರಿಗೆ ಏರುತ್ತದೆ. 30 ಸೆಕೆಂಡು ಅದೇ ವೇಗದಲ್ಲಿ ಸಾಗುತ್ತದೆ. ಮುಂದಿನ 20 ಸೆಕೆಂಡುಗಳಲ್ಲಿ ಏಕರೂಪವಾಗಿ ವೇಗ ಇಳಿಸಿ ಮುಂದಿನ ನಿಲ್ದಾಣದಲ್ಲಿ ನಿಲ್ಲುತ್ತದೆ.

ವೇಗ–ಕಾಲ ನಕ್ಷೆ ಒಂದು ತ್ರಾಪಿಜ್ಯ. ಅದರ ವಿಸ್ತೀರ್ಣ, ಸಮಾಂತರ ಬಾಹುಗಳಾದ 70 ಮತ್ತು 30ರ ಸರಾಸರಿಯನ್ನು ಎತ್ತರ 20ರಿಂದ ಗುಣಿಸಿದರೆ, 1000 ಮೀಟರ್. ಸ್ಥಾನ–ಕಾಲ ನಕ್ಷೆಯ ರೂಪವೇ ಬೇರೆ. 10ನೇ ಸೆಕೆಂಡಿನಲ್ಲಿ 50 ಮೀಟರ್, 20ರಲ್ಲಿ 200, 30ರಲ್ಲಿ 400, 40ರಲ್ಲಿ 600, 50ರಲ್ಲಿ 800, 60ರಲ್ಲಿ 950, 70ರಲ್ಲಿ 1000. ಮೊದಲು ಮೇಲಕ್ಕೆ ಬಾಗಿ, ನಡುವೆ ನೇರವಾಗಿ, ಕೊನೆಗೆ ಅಡ್ಡಕ್ಕೆ ಬಾಗುವ ಗೆರೆ. ವೇಗೋತ್ಕರ್ಷ–ಕಾಲ ನಕ್ಷೆಯಲ್ಲಿ ಮೂರು ಅಡ್ಡ ಗೆರೆಗಳು: ಸೊನ್ನೆಯ ಮೇಲೆ 1, ಸೊನ್ನೆ, ಸೊನ್ನೆಯ ಕೆಳಗೆ 1. ಒಂದೇ ಓಟ, ಮೂರು ಬೇರೆ ಬೇರೆ ಆಕಾರಗಳು. ಈ ಮೂರನ್ನೂ ಒಂದರ ಕೆಳಗೊಂದು, ಕಾಲದ ಅಕ್ಷಗಳನ್ನು ಸರಿಹೊಂದಿಸಿ ಬರೆಸಿದ ವಿದ್ಯಾರ್ಥಿ ನಕ್ಷೆಯನ್ನು ಚಿತ್ರವೆಂದು ಮತ್ತೆ ಭಾವಿಸುವುದು ಕಷ್ಟ. ಮೂರೂ ಆ ಒಂದೇ ರೈಲಿನ 'ಚಿತ್ರ'ಗಳಾಗಿರಲು ಹೇಗೆ ಸಾಧ್ಯ?

ಇದರ ಮೇಲೆ ಕೇಳಬಹುದಾದ ಪ್ರಶ್ನೆಗಳನ್ನು ಗಮನಿಸಿ. ಸರಾಸರಿ ವೇಗವೆಷ್ಟು? 1000 ಮೀಟರಿಗೆ 70 ಸೆಕೆಂಡು, ಅಂದರೆ ಗಂಟೆಗೆ ಸುಮಾರು 51 ಕಿಲೋಮೀಟರ್. ನಿಲ್ದಾಣದಲ್ಲಿ ನಿಂತ 30 ಸೆಕೆಂಡನ್ನೂ ಸೇರಿಸಿದರೆ ಗಂಟೆಗೆ 36 ಮಾತ್ರ. ನಿಂತಿರುವಾಗ ಸ್ಥಾನದ ಗೆರೆ 1000ದ ಎತ್ತರದಲ್ಲಿ ಅಡ್ಡಕ್ಕೆ ಸಾಗುತ್ತದೆ. ವೇಗದ ಗೆರೆ ಸೊನ್ನೆಯ ಮೇಲೆ ಮಲಗುತ್ತದೆ. ಸ್ಥಾನದ ಗೆರೆ ಅತಿ ಎತ್ತರದಲ್ಲಿರುವಾಗ ವೇಗ ಅತಿ ಕಡಿಮೆ! ಎತ್ತರಕ್ಕೂ ಓರೆಗೂ ಇರುವ ವ್ಯತ್ಯಾಸವನ್ನು ಇದಕ್ಕಿಂತ ಚೆನ್ನಾಗಿ ಹೇಳುವ ಉದಾಹರಣೆ ಬೇಕಿಲ್ಲ.

ದಿಕ್ಕಿನ ಪ್ರಶ್ನೆಗೂ ಮೆಟ್ರೋ ಉತ್ತರಿಸುತ್ತದೆ. 9ನೇ ತರಗತಿಯ ನಕ್ಷೆಗಳೆಲ್ಲ ಕಾಲದ ಅಕ್ಷದ ಮೇಲ್ಭಾಗದಲ್ಲಿಯೇ ಉಳಿಯುತ್ತವೆ. ಆದ್ದರಿಂದ 'ಋಣ ವೇಗೋತ್ಕರ್ಷ ಎಂದರೆ ವೇಗ ಕಡಿಮೆಯಾಗುವುದು' ಎಂಬ ಸೂತ್ರ ಮನಸ್ಸಿನಲ್ಲಿ ಬೇರುಬಿಡುತ್ತದೆ. ಮಾದಾವರದ ದಿಕ್ಕನ್ನು ಧನ ಎಂದು ಹಿಡಿಯಿರಿ. ದಾಸರಹಳ್ಳಿಯಿಂದ ಜಾಲಹಳ್ಳಿಯ ಕಡೆಗೆ ಹೊರಟ ರೈಲಿನ ವೇಗ ಋಣ. ಅದು ಹೊರಡುವಾಗಿನ ವೇಗೋತ್ಕರ್ಷವೂ ಋಣ. ಆದರೂ ಅದರ ಜವ ಹೆಚ್ಚುತ್ತಿದೆ. ಜಾಲಹಳ್ಳಿಯಲ್ಲಿ ಬ್ರೇಕು ಹಾಕುವಾಗ ವೇಗೋತ್ಕರ್ಷ ಧನ, ಜವ ಮಾತ್ರ ಇಳಿಯುತ್ತಿದೆ. ವೇಗೋತ್ಕರ್ಷದ ಚಿಹ್ನೆಯೊಂದರಿಂದಲೇ ಜವದ ಏರಿಳಿತ ತಿಳಿಯದು ಎಂಬುದನ್ನು 11ನೇ ತರಗತಿಯ ಪುಸ್ತಕ ಎಚ್ಚರಿಸುತ್ತದೆ ನಿಜ. ಆದರೆ ಎರಡು ವರ್ಷ ಬೇರುಬಿಟ್ಟ ಸೂತ್ರವನ್ನು ಕೀಳುವುದು, ಅದನ್ನು ನೆಡದಿರುವುದಕ್ಕಿಂತ ಕಷ್ಟದ ಕೆಲಸ.

ಚೂಪು ಮೂಲೆಗಳು

ನಮ್ಮ ಕಾಲ್ಪನಿಕ ಓಟದಲ್ಲಿಯೂ ಒಂದು ದೋಷವಿದೆ. ವೇಗದ ಗೆರೆ 20ನೇ ಸೆಕೆಂಡಿನಲ್ಲಿ ಚೂಪಾಗಿ ತಿರುಗುತ್ತದೆ. ಅಂದರೆ ವೇಗೋತ್ಕರ್ಷ 1ರಿಂದ ಸೊನ್ನೆಗೆ ಒಂದೇ ಕ್ಷಣದಲ್ಲಿ ಜಿಗಿಯಬೇಕು. ಹಾಗಾದರೆ ನಿಂತ ಪ್ರಯಾಣಿಕರಿಗೆ ಜಗ್ಗಿದಂತಾಗುತ್ತದೆ. ನಿಜವಾದ ರೈಲಿನಲ್ಲಿ ಈ ಮೂಲೆಗಳನ್ನು ದುಂಡಗೆ ಮಾಡಿರುತ್ತಾರೆ. ಇನ್ನು ಸ್ಥಾನದ ಗೆರೆಯಲ್ಲಿಯೇ ಚೂಪು ಮೂಲೆ ಇದ್ದರಂತೂ ವೇಗವೇ ಕ್ಷಣಾರ್ಧದಲ್ಲಿ ಜಿಗಿಯಬೇಕು. ಅದಕ್ಕೆ ಅನಂತ ಬಲ ಬೇಕು. ಹಲವು ಪಠ್ಯಗಳ ದೂರ–ಕಾಲ ನಕ್ಷೆಗಳು ಇಂತಹ ಮೂಲೆಗಳಿಂದಲೇ ತುಂಬಿವೆ. ಸರಳೀಕರಣ ತಪ್ಪಲ್ಲ. 'ಇದು ಸರಳೀಕರಣ' ಎಂದು ಹೇಳದಿರುವುದು ತಪ್ಪು.

ಈ ಮಾತು ಪೀಣ್ಯದ ಕೈಗಾರಿಕಾ ಪ್ರದೇಶಕ್ಕೆ ನೇರವಾಗಿ ಸಂಬಂಧಿಸಿದೆ. ಯಂತ್ರದ ಕ್ಯಾಮ್ ಒಂದನ್ನು ವಿನ್ಯಾಸ ಮಾಡುವಾಗ ಅದು ತಳ್ಳುವ ದಂಡದ ಸ್ಥಾನಪಲ್ಲಟದ ನಕ್ಷೆಯನ್ನು ಮೊದಲು ಬರೆಯುತ್ತಾರೆ. ಡಿಪ್ಲೊಮಾ ತರಗತಿಯಲ್ಲಿ ಇದೊಂದು ಪಾಠ. ಆ ನಕ್ಷೆಯಲ್ಲಿ ಚೂಪು ಮೂಲೆ ಉಳಿದರೆ ಯಂತ್ರ ಬಡಿದುಕೊಳ್ಳುತ್ತದೆ, ಸದ್ದು ಮಾಡುತ್ತದೆ, ಬೇಗ ಸವೆಯುತ್ತದೆ. ಸಿಎನ್‌ಸಿ ಯಂತ್ರದ ಮೇಜು ಒಂದು ಕಡೆಯಿಂದ ಇನ್ನೊಂದು ಕಡೆಗೆ ಸರಿಯುವಾಗಲೂ ಮೆಟ್ರೋ ರೈಲಿನ ತ್ರಾಪಿಜ್ಯವೇ ಕಾಣುತ್ತದೆ: ಏರಿಕೆ, ಸ್ಥಿರ ವೇಗ, ಇಳಿಕೆ. ಎಸ್‌ಎಸ್‌ಎಲ್‌ಸಿ ಮುಗಿಸಿ ಐಟಿಐಗೋ ಡಿಪ್ಲೊಮಾಗೋ ಹೋಗಿ ಈ ಯಂತ್ರಗಳ ಮುಂದೆ ನಿಲ್ಲುವವರಿಗೆ ನಕ್ಷೆಯನ್ನು ಓದುವುದು ಪರೀಕ್ಷೆಯ 3 ಅಂಕಗಳ ವಿಷಯವಲ್ಲ. ಅದು ಕಸುಬಿನ ಅಕ್ಷರಾಭ್ಯಾಸ.

ರಸ್ತೆಯಲ್ಲಿಯೂ ಅಷ್ಟೇ. ಸೆಕೆಂಡಿಗೆ 10 ಮೀಟರ್ (ಗಂಟೆಗೆ 36 ಕಿಲೋಮೀಟರ್) ವೇಗದಲ್ಲಿ ಹೋಗುವ ಬೈಕ್ ಸವಾರ ಅಪಾಯ ಕಂಡು ಬ್ರೇಕು ಒತ್ತಲು 1 ಸೆಕೆಂಡು ತೆಗೆದುಕೊಳ್ಳುತ್ತಾನೆ, ನಂತರ ವೇಗ ಪ್ರತಿ ಸೆಕೆಂಡಿಗೆ 5 ಮೀಟರಿನಷ್ಟು ಇಳಿಯುತ್ತದೆ ಎಂದುಕೊಳ್ಳಿ. ವೇಗ–ಕಾಲ ನಕ್ಷೆಯಲ್ಲಿ ಮೊದಲು ಒಂದು ಆಯತ, ಅದರ ವಿಸ್ತೀರ್ಣ 10 ಮೀಟರ್. ನಂತರ ಒಂದು ತ್ರಿಭುಜ, ಅದೂ 10 ಮೀಟರ್. ಒಟ್ಟು 20. ವೇಗ ಇಮ್ಮಡಿಯಾದರೆ ಆಯತ 20 ಮೀಟರ್ ಆಗುತ್ತದೆ. ಆದರೆ ತ್ರಿಭುಜದ ಎತ್ತರವೂ ಪಾದವೂ ಇಮ್ಮಡಿಯಾಗುವುದರಿಂದ ಅದರ ವಿಸ್ತೀರ್ಣ ನಾಲ್ಕು ಪಟ್ಟು, 40 ಮೀಟರ್. ಒಟ್ಟು 60. ತುಮಕೂರು ರಸ್ತೆಯನ್ನು ದಾಟಲು ನಿಂತವರ ಜೀವ ಈ ತ್ರಿಭುಜದ ವಿಸ್ತೀರ್ಣದಲ್ಲಿದೆ. ವೇಗದ ನಕ್ಷೆಯ ಕೆಳಗಿನ ವಿಸ್ತೀರ್ಣವೇ ದೂರ ಎಂಬ ವಿಚಾರ 14ನೇ ಶತಮಾನದಲ್ಲಿ ನಿಕೋಲ್ ಒರೆಮ್ ಎಂಬ ಫ್ರೆಂಚ್ ವಿದ್ವಾಂಸನ ಆಕೃತಿಗಳಲ್ಲಿಯೇ ಮೂಡಿತ್ತು. ಆರುನೂರಕ್ಕೂ ಹೆಚ್ಚು ವರ್ಷ ಹಳೆಯದಾದ ಈ ಉಪಕರಣವನ್ನು ವಾಹನ ಪರವಾನಗಿ ಪಡೆಯಲಿರುವ ವಯಸ್ಸಿನವರಿಗೆ ಕಲಿಸದಿರುವುದಕ್ಕೆ ಸಬೂಬು ಇಲ್ಲ.

ಏನು ಮಾಡಬಹುದು?

ಪ್ರಶ್ನೆಪತ್ರಿಕೆಗಳಲ್ಲಿ ಸಾಮಾನ್ಯವಾಗಿ ಕೋಷ್ಟಕ ಕೊಟ್ಟು ನಕ್ಷೆ ಬರೆಯಲು ಹೇಳುತ್ತಾರೆ. ಪ್ರಮಾಣ, ಅಕ್ಷಗಳ ಹೆಸರು, ಗೆರೆಯ ಅಚ್ಚುಕಟ್ಟುತನಕ್ಕೆ ಅಂಕ ಸಿಗುತ್ತದೆ. ಬದಲಿಗೆ ನಕ್ಷೆಯನ್ನೇ ಕೊಟ್ಟು 'ಈ ಪ್ರಯಾಣದ ಕಥೆಯನ್ನು ನಾಲ್ಕು ವಾಕ್ಯಗಳಲ್ಲಿ ಬರೆಯಿರಿ' ಎಂದು ಕೇಳಲಿ. ಕಥೆ ಕೊಟ್ಟು, ಅಂಕಿಗಳಿಲ್ಲದೆ, ನಕ್ಷೆಯ ಆಕಾರವನ್ನಷ್ಟೇ ಕೇಳಲಿ. ಒಂದು ಜಾತಿಯ ನಕ್ಷೆ ಕೊಟ್ಟು ಇನ್ನೊಂದು ಜಾತಿಯದನ್ನು ಬರೆಸಲಿ.

ತರಗತಿಯಲ್ಲಿ ದೇಹವೇ ಉಪಕರಣವಾಗಬೇಕು. ಹೆದರ್ ಬ್ರಾಸೆಲ್ 1987ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಚಲನೆ ನಡೆಯುತ್ತಿರುವಾಗಲೇ ಕಂಪ್ಯೂಟರ್ ತೆರೆಯ ಮೇಲೆ ನಕ್ಷೆ ಮೂಡಿದಾಗ ವಿದ್ಯಾರ್ಥಿಗಳ ಕಲಿಕೆ ಹೆಚ್ಚಿತು. ಅದೇ ನಕ್ಷೆ ಸುಮಾರು 20 ಸೆಕೆಂಡು ತಡವಾಗಿ ಮೂಡಿದಾಗ ಆ ಲಾಭದ ಬಹುಪಾಲು ಹೋಯಿತು. ಚಲನೆ ಮತ್ತು ಗೆರೆ ಒಟ್ಟಿಗೆ ಕಾಣಬೇಕು ಎಂಬುದು ಇದರ ಪಾಠ. ಸಂವೇದಕಗಳಿಲ್ಲದ ಶಾಲೆಯಲ್ಲಿ ಅಂಗಳದಲ್ಲಿ ಮೀಟರಿಗೊಂದು ಸುಣ್ಣದ ಗೆರೆ ಎಳೆಯಿರಿ. ಒಬ್ಬರು ನಡೆಯಲಿ, ಒಬ್ಬರು 2 ಸೆಕೆಂಡಿಗೊಮ್ಮೆ ಚಪ್ಪಾಳೆ ತಟ್ಟಲಿ, ಒಬ್ಬರು ಸ್ಥಾನ ಕೂಗಲಿ, ಇನ್ನೊಬ್ಬರು ಆ ಕ್ಷಣವೇ ಕಪ್ಪುಹಲಗೆಯ ಮೇಲೆ ಚುಕ್ಕೆ ಇಡಲಿ. ನಂತರ ತಿರುಗಿಸಿ ಮಾಡಿ: ಹಲಗೆಯ ಮೇಲೆ ಗೆರೆ ಬರೆದು, ಅದರಂತೆ ನಡೆಯಲು ಹೇಳಿ. ಗೆರೆ ಹಿಂದಕ್ಕೆ, ಅಂದರೆ ಕಾಲದ ಎಡಕ್ಕೆ, ಬಾಗಿರುವ ಒಂದು ನಕ್ಷೆಯನ್ನೂ ಕೊಟ್ಟು 'ಹೀಗೆ ನಡೆಯಿರಿ' ಎಂದರೆ, ಅದು ಏಕೆ ಅಸಾಧ್ಯ ಎಂಬುದನ್ನು ಮಕ್ಕಳೇ ಕಂಡುಕೊಳ್ಳುತ್ತಾರೆ.

ಸ್ಮಾರ್ಟ್‌ಫೋನ್ ಸಿಗುವಲ್ಲಿ, ಜರ್ಮನಿಯ ಆಕೆನ್ ನಗರದ ವಿಶ್ವವಿದ್ಯಾಲಯ 2016ರಲ್ಲಿ ಬಿಡುಗಡೆ ಮಾಡಿದ 'ಫೈಫಾಕ್ಸ್' ಎಂಬ ಉಚಿತ ತಂತ್ರಾಂಶದಿಂದ ಮೆಟ್ರೋ ಬೋಗಿಯ ವೇಗೋತ್ಕರ್ಷವನ್ನು ದಾಖಲಿಸಬಹುದು. ಫೋನನ್ನು ಸೀಟಿನ ಮೇಲೆ ಅಲುಗದಂತೆ, ಅದರ ಉದ್ದ ಹಳಿಯ ದಿಕ್ಕಿಗಿರುವಂತೆ ಇಟ್ಟು ಒಂದು ನಿಲ್ದಾಣದಿಂದ ಇನ್ನೊಂದಕ್ಕೆ ಸಾಗಿದರೆ ಸಾಕು. ಸಿಗುವ ಗೆರೆ ಪುಸ್ತಕದ ಗೆರೆಯಂತೆ ನಯವಾಗಿರುವುದಿಲ್ಲ, ನಡುಕದಿಂದ ಮುಳ್ಳುಮುಳ್ಳಾಗಿರುತ್ತದೆ. ಆ ಮುಳ್ಳುಗಳ ನಡುವೆ ಮೂರು ಮಟ್ಟಗಳನ್ನು ಗುರುತಿಸಿ, ಮೊದಲ ಮಟ್ಟದ ಕೆಳಗಿನ ಚೌಕಗಳನ್ನು ಎಣಿಸಿ, ರೈಲು ಮುಟ್ಟಿದ ವೇಗವನ್ನು ಹೇಳಬಲ್ಲ ವಿದ್ಯಾರ್ಥಿಗೆ ಚಲನೆಯ ನಕ್ಷೆ ಅರ್ಥವಾಗಿದೆ ಎಂದು ಧೈರ್ಯವಾಗಿ ಹೇಳಬಹುದು.

ಪಠ್ಯಪುಸ್ತಕಗಳು ಪರಿಷ್ಕರಣೆಗೊಳ್ಳುತ್ತಲೇ ಇರುತ್ತವೆ. ಮುಂದಿನ ಪರಿಷ್ಕರಣೆಯವರೆಗೆ ಕಾಯದೆ ಅಧ್ಯಾಪಕರು ಇಂದೇ ಮಾಡಬಹುದಾದ ಒಂದು ಸಣ್ಣ ತಿದ್ದುಪಡಿಯಿದೆ. ದೂರ–ಕಾಲ ನಕ್ಷೆ ಕಂಡಲ್ಲೆಲ್ಲ 'ಎಲ್ಲಿಂದ ಅಳೆದ ದೂರ?' ಎಂದು ಒಮ್ಮೆ ಕೇಳಿ, ಉತ್ತರವನ್ನು ಅಕ್ಷದ ಪಕ್ಕದಲ್ಲಿ ಬರೆಸುವುದು. ಇದಕ್ಕೆ ಹೆಚ್ಚಿನ ಅವಧಿಯೂ ಬೇಡ, ಹೆಚ್ಚಿನ ಉಪಕರಣವೂ ಬೇಡ.